ಅಂಪೈರರ ಜಾಣಕಿವುಡು

1981ರ ಫೆಬ್ರುವರಿಯ ಮೆಲ್ಬರ್ನ್ ಟೆಸ್ಟ್ ಎಂದರೆ ನಮ್ಮವರಿಗೆ ಎರಡು ನೆನಪು. ಒಂದು, 237ಕ್ಕೆ ಮುಗಿದ ಮೊದಲ ಇನಿಂಗ್ಸ್‌ನಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಒಬ್ಬರೇ ಹೊಡೆದ 114. ಇನ್ನೊಂದು, ತೊಡೆನೋವು ನುಂಗಿಕೊಂಡು ಬೌಲ್ ಮಾಡಿದ ಕಪಿಲ್ ದೇವ್ ಕೊನೆಯ ದಿನ ಆಸ್ಟ್ರೇಲಿಯಾವನ್ನು 83ಕ್ಕೆ ಕೆಡವಿದ್ದು. ಆದರೆ ಕಪಿಲ್‌ಗೆ ಆ ಅವಕಾಶವೇ ಸಿಗದಂತೆ ಪಂದ್ಯ ನಡುವೆಯೇ ಮುರಿದುಬೀಳುವುದರಲ್ಲಿತ್ತು. ಕಾರಣ, ಬಿಟ್ಟುಹೋಗುವಾಗ ಬೆನ್ನಿಗೆ ಬಿದ್ದ ಒಂದು ಬೈಗುಳ.

ಎರಡನೆಯ ಇನಿಂಗ್ಸ್‌ನಲ್ಲಿ ಸುನಿಲ್ ಗಾವಸ್ಕರ್ ಮತ್ತು ಚೇತನ್ ಚೌಹಾಣ್ ಮೊದಲ ವಿಕೆಟ್‌ಗೆ 165 ರನ್ ಸೇರಿಸಿದ್ದರು. ಗಾವಸ್ಕರ್ 70ರಲ್ಲಿದ್ದಾಗ ಡೆನಿಸ್ ಲಿಲ್ಲಿ ಎಸೆದ ಚೆಂಡಿಗೆ ಅಂಪೈರ್ ರೆಕ್ಸ್ ವೈಟ್‌ಹೆಡ್ ಎಲ್‌ಬಿಡಬ್ಲ್ಯು ಎಂದು ಬೆರಳೆತ್ತಿದರು. ಚೆಂಡು ಮೊದಲು ಬ್ಯಾಟಿಗೆ ತಾಗಿತ್ತು ಎಂದು ಗಾವಸ್ಕರ್ ಪ್ಯಾಡಿಗೆ ಬ್ಯಾಟ್ ಬಡಿದು ತೋರಿಸಿದರು. ಲಿಲ್ಲಿ ಹತ್ತಿರ ಬಂದು, ತಾಗಿದ್ದು ಇಲ್ಲಿಗೆ ಎಂದು ಅದೇ ಪ್ಯಾಡನ್ನು ಬೊಟ್ಟು ಮಾಡಿದರು. ಗಾವಸ್ಕರ್ ಹೊರಟರು, ನಾಲ್ಕು ಹೆಜ್ಜೆ ಹೋದರು, ಮತ್ತೆ ತಿರುಗಿ ಬಂದು ಚೌಹಾಣರನ್ನೂ ಕರೆದುಕೊಂಡು ಪೆವಿಲಿಯನ್ ದಾರಿ ಹಿಡಿದರು. ಬೌಂಡರಿ ಗೆರೆಯ ಬಳಿ ತಂಡದ ಮ್ಯಾನೇಜರ್ ಶಾಹಿದ್ ದುರಾನಿ ಅಡ್ಡ ನಿಂತು ಚೌಹಾಣರನ್ನು ವಾಪಸು ಕಳಿಸಿದ್ದರಿಂದ ಪಂದ್ಯ ಉಳಿಯಿತು. ಅಂಪೈರರ ತೀರ್ಪಿಗೆ ಸಿಟ್ಟಾಗಿ ಹೀಗೆ ಮಾಡಿದರು ಎಂದೇ ಲೋಕ ಬಹಳ ಕಾಲ ನಂಬಿತ್ತು. ತೀರ್ಪು ಬೇಸರ ತಂದದ್ದು ನಿಜ, ಆದರೆ ತಲೆ ಕೆಟ್ಟದ್ದು ಹೋಗುವಾಗ ಲಿಲ್ಲಿ ಆಡಿದ ಮಾತಿನಿಂದ ಎಂದು ಗಾವಸ್ಕರ್ ಎಷ್ಟೋ ವರ್ಷಗಳ ಮೇಲೆ ಹೇಳಿದರು.

ಈ ಎಲ್ಲದರ ನಡುವೆ ವೈಟ್‌ಹೆಡ್ ಏನು ಮಾಡಬಹುದಿತ್ತು? ಏನೂ ಇಲ್ಲ. ಅವರ ಜೇಬಿನಲ್ಲಿ ಕಾರ್ಡ್ ಇರಲಿಲ್ಲ. ದಂಡ ಹಾಕುವ, ಬೌಲರನ್ನು ಹೊರಗೆ ಕಳಿಸುವ ಅಧಿಕಾರ ಇರಲಿಲ್ಲ. ಬೈದವನನ್ನು ಕರೆದು ವಿಚಾರಿಸಲು ಮೇಲೊಬ್ಬ ಅಧಿಕಾರಿಯೂ ಇರಲಿಲ್ಲ. ಅವರ ಮುಂದೆ ಇದ್ದ ದಾರಿ ಎರಡೇ: ಕ್ಯಾಪ್ಟನ್‌ಗೆ ಒಂದು ಮಾತು ಹೇಳುವುದು, ಇಲ್ಲವೇ ಕೇಳಿಸಲಿಲ್ಲ ಎಂಬಂತೆ ಮುಂದಿನ ಎಸೆತಕ್ಕೆ ಸಿದ್ಧರಾಗುವುದು. ಎರಡನೆಯದನ್ನು ಮಾಡದ ಅಂಪೈರ್ ಆ ಕಾಲದಲ್ಲಿ ಬಾಳುವುದೇ ಕಷ್ಟವಿತ್ತು.

ಕ್ರಿಕೆಟ್‌ನ ಅತಿ ಹಳೆಯ ಲಿಖಿತ ನಿಯಮಾವಳಿ 1744ರದ್ದು. ಔಟು, ನಾಟೌಟು, ನ್ಯಾಯದ ಆಟ, ಅನ್ಯಾಯದ ಆಟ, ಸುಮ್ಮಸುಮ್ಮನೆ ಕಾಲಹರಣ, ಕೊನೆಗೆ ಆಟಗಾರನಿಗೆ ಪೆಟ್ಟಾಗಿದೆಯೇ ಇಲ್ಲವೇ ಎಂಬುದಕ್ಕೂ ಅಂಪೈರರೇ ಏಕೈಕ ನ್ಯಾಯಾಧೀಶರು ಎಂದು ಅದು ಸಾರಿತು. ನಾಲಿಗೆಯ ಬಗ್ಗೆ ಮಾತ್ರ ಚಕಾರವಿಲ್ಲ. ಕೆಟ್ಟ ಮಾತೇ ಇಲ್ಲದ ಕಾಲ ಅದಾಗಿರಲಿಲ್ಲ. ಜೂಜಿನ ಹಣ ಕೈ ಬದಲಿಸುತ್ತಿದ್ದ ಮೈದಾನಗಳವು. ಮಾತಿನ ಲೆಕ್ಕವನ್ನು ಕ್ಯಾಪ್ಟನ್‌ಗಳು ತಮ್ಮತಮ್ಮಲ್ಲೇ ಚುಕ್ತಾ ಮಾಡಿಕೊಳ್ಳಲಿ, ಅಂಪೈರರನ್ನು ಎಳೆಯುವುದು ಬೇಡ ಎಂಬ ವ್ಯವಸ್ಥೆ ಮುಂದೆಯೂ ಗಟ್ಟಿಯಾಗಿ ಉಳಿಯಿತು.

ಅದು ಹೇಗೆ ನಡೆಯುತ್ತಿತ್ತು ಎಂಬುದಕ್ಕೆ 1932-33ರ ಬಾಡಿಲೈನ್ ಸರಣಿಯಲ್ಲೊಂದು ಕತೆ ಇದೆ. ಆಸ್ಟ್ರೇಲಿಯಾದ ಯಾರೋ ಒಬ್ಬರು ತಮ್ಮ ಬೌಲರನ್ನು ತಂದೆಯಿಲ್ಲದವನೆಂದು ಬೈದರು ಎಂದು ದೂರಲು ಇಂಗ್ಲೆಂಡಿನ ಕ್ಯಾಪ್ಟನ್ ಡಗ್ಲಸ್ ಜಾರ್ಡಿನ್ ಎದುರಾಳಿಗಳ ಡ್ರೆಸ್ಸಿಂಗ್ ರೂಮಿನ ಬಾಗಿಲು ತಟ್ಟಿದರಂತೆ. ಬಾಗಿಲು ತೆಗೆದ ವಿಕ್ ರಿಚರ್ಡ್‌ಸನ್ ಒಳಗಿದ್ದವರ ಕಡೆ ತಿರುಗಿ, ಇಲ್ಲಿ ನಿಂತಿರುವ ಇವನನ್ನು ಬಿಟ್ಟು ಬೌಲರನ್ನು ಹಾಗೆ ಕರೆದವನು ನಿಮ್ಮಲ್ಲಿ ಯಾವನು ಎಂದು ಅದೇ ಬೈಗುಳ ಸೇರಿಸಿ ಕೇಳಿದರಂತೆ. ಕತೆಗೆ ಎಷ್ಟು ಉಪ್ಪುಖಾರ ಸೇರಿದೆಯೋ! ಆದರೆ ದೂರು ಹೋದ ದಾರಿ ನೋಡಿ. ಜಾರ್ಡಿನ್ ಅಂಪೈರರ ಬಳಿ ಹೋಗಲಿಲ್ಲ. ಐದೂ ಟೆಸ್ಟ್‌ಗಳಲ್ಲಿ ಅಂಪೈರ್ ಆಗಿದ್ದ ಜಾರ್ಜ್ ಹೀಲಿ ಈ ಕತೆಯಲ್ಲಿ ಪಾತ್ರವೇ ಅಲ್ಲ.

ಈ ಏರ್ಪಾಡಿನಲ್ಲಿ ಒಳ್ಳೆಯದೂ ಇತ್ತು ಎನ್ನಬೇಕು. ಕೇಳಿದ ಪ್ರತಿ ಮಾತಿಗೂ ತಲೆ ಕೆಡಿಸಿಕೊಳ್ಳದೆ, ಜಗಳ ಮೈಮೇಲೆ ಹೋಗುವ ಹೊತ್ತಿಗೆ ಮಾತ್ರ ನಡುವೆ ನಿಲ್ಲುವುದು ಒಂದು ಕಸುಬುದಾರಿಕೆ. 1981ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಟೋನಿ ಕ್ರಾಫ್ಟರ್ ಮಾಡಿದ್ದು ಅದನ್ನೇ. ಒಂದು ರನ್ ಓಡುತ್ತಿದ್ದ ಪಾಕಿಸ್ತಾನದ ಜಾವೇದ್ ಮಿಯಾಂದಾದ್ ಮತ್ತು ಬೌಲರ್ ಲಿಲ್ಲಿ, ಹೌದು ಅದೇ ಲಿಲ್ಲಿ, ಢಿಕ್ಕಿ ಹೊಡೆದರು. ಮಾತು ಬೆಳೆಯಿತು. ಲಿಲ್ಲಿ ಕಾಲಿನಿಂದ ಒದ್ದರು, ಮಿಯಾಂದಾದ್ ಬ್ಯಾಟನ್ನು ತಲೆಯ ಮೇಲೆತ್ತಿದರು. ಇಬ್ಬರ ನಡುವೆ ತೋಳು ಚಾಚಿ ನಿಂತ ಕ್ರಾಫ್ಟರ್ ಅವರ ಚಿತ್ರ ಇಂದಿಗೂ ಎಲ್ಲೆಲ್ಲೂ ಸಿಗುತ್ತದೆ. ಮೊದಲು ಬೈದವರು ಯಾರು ಎಂಬ ಬಗ್ಗೆ ಎರಡು ಕಡೆಯವರೂ ಎರಡು ಮಾತು ಹೇಳಿದರು. ಸಹ ಆಟಗಾರರೇ ಸೇರಿ ಲಿಲ್ಲಿಗೆ 200 ಡಾಲರ್ ದಂಡ ಹಾಕಿ ಕೈತೊಳೆದುಕೊಂಡರು. ಇದು ತೀರಾ ಕಡಿಮೆಯಾಯಿತು ಎಂದು ಅಂಪೈರರು ಪಟ್ಟು ಹಿಡಿದ ಮೇಲೆ ಎರಡು ಏಕದಿನ ಪಂದ್ಯಗಳ ನಿಷೇಧ ಬಂತು. ಬೈಗುಳದ ವಿಚಾರಣೆಯನ್ನು ಬೈದವನ ಗೆಳೆಯರೇ ನಡೆಸುವ ಕಾಲ ಮುಗಿಯುತ್ತಿತ್ತು.

ಮುಗಿಸಿದ್ದು ಫೈಸಲಾಬಾದ್. 1987ರ ಡಿಸೆಂಬರ್‌ನಲ್ಲಿ ಬೈದಾಟಕ್ಕೆ ಸ್ವತಃ ಅಂಪೈರರೇ ಇಳಿದರು. ಎರಡನೆಯ ದಿನದಾಟದ ಕೊನೆಯ ಗಳಿಗೆಯಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಮೈಕ್ ಗ್ಯಾಟಿಂಗ್ ಫೀಲ್ಡರ್ ಒಬ್ಬರನ್ನು ಸರಿಸಿದರು. ಬ್ಯಾಟ್ಸ್‌ಮನ್‌ಗೆ ಗೊತ್ತಿಲ್ಲದಂತೆ ಸರಿಸಿದ್ದು ಮೋಸ ಎಂದು ಸ್ಕ್ವೇರ್ ಲೆಗ್‌ನಲ್ಲಿದ್ದ ಅಂಪೈರ್ ಶಕೂರ್ ರಾಣಾ ಆಟ ನಿಲ್ಲಿಸಿದರು. ಮುಖಕ್ಕೆ ಮುಖ, ಬೆರಳಿಗೆ ಬೆರಳು. ಇಬ್ಬರ ಬಾಯಿಂದ ಬಂದದ್ದರಲ್ಲಿ ಒಂದಷ್ಟನ್ನು ವಿಕೆಟ್ ಬುಡದ ಮೈಕು ಹಿಡಿದು ಟಿವಿ ನೋಡುವವರ ಮನೆಗೆ ತಲುಪಿಸಿತು. ಕ್ಷಮಾಪಣೆ ಸಿಗದ ಹೊರತು ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ರಾಣಾ ಕುಳಿತರು. ಮೂರನೆಯ ದಿನ ಒಂದು ಎಸೆತವೂ ಆಗಲಿಲ್ಲ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಒತ್ತಾಯಕ್ಕೆ ಗ್ಯಾಟಿಂಗ್ ಒಂದು ಚೀಟಿಯಲ್ಲಿ ಕ್ಷಮೆ ಗೀಚಿಕೊಟ್ಟರು. ಆ ಪ್ರವಾಸದ ಕಷ್ಟಕ್ಕಾಗಿ ಪ್ರತಿ ಆಟಗಾರನಿಗೂ 1,000 ಪೌಂಡ್ ಭತ್ಯೆ ಕೊಟ್ಟದ್ದು ಅದೇ ಮಂಡಳಿ. ದಂಡ ಕಟ್ಟಬೇಕಾದ ಕಡೆಗೆ ಇನಾಮು!

ಇದಕ್ಕೂ ಹಿಂದೆ, 1986ರಲ್ಲೇ, ಪಾಕಿಸ್ತಾನ ತನ್ನ ನೆಲದ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ತಟಸ್ಥ ಅಂಪೈರರಾಗಿ ಕರೆಸಿ ನೋಡಿತ್ತು. ಫೈಸಲಾಬಾದ್ ಗಲಾಟೆಯ ನಂತರ ಆ ಯೋಚನೆಗೆ ಬಲ ಬಂತು. ಅದರ ಜೊತೆಗೆ, ಗೆರೆಯಾಚೆ ಕುಳಿತು ನಡತೆಯನ್ನಷ್ಟೇ ನೋಡುವ ಮೂರನೆಯವರೊಬ್ಬರು ಬೇಕು ಎಂಬ ಮಾತೂ ಎದ್ದಿತು.

ಫುಟ್‌ಬಾಲ್ ಈ ಹೊತ್ತಿಗೆ ತನ್ನದೇ ಒಂದು ಮದ್ದು ಕಂಡುಕೊಂಡಿತ್ತು. ಅದರ ಹುಟ್ಟಿಗೂ ಬೈಗುಳವೇ ಕಾರಣ, ಅದೂ ಅರ್ಥವಾಗದ ಬೈಗುಳ. 1966ರ ಜುಲೈ 23ರಂದು ವೆಂಬ್ಲಿಯಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್‌ಲೈನ್ ಅರ್ಜೆಂಟೀನಾದ ಕ್ಯಾಪ್ಟನ್ ಆಂಟೊನಿಯೊ ರಾಟಿನ್ ಅವರನ್ನು ಹೊರಗೆ ಕಳಿಸಿದರು. ಕಾರಣ ನಾಲಿಗೆಯ ಹಿಂಸೆ. ರೆಫರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ರಾಟಿನ್‌ಗೆ ಜರ್ಮನ್ ಗೊತ್ತಿರಲಿಲ್ಲ. ದುಭಾಷಿಯನ್ನು ಕರೆಸಿ ಎಂದು ತಾನು ಕೇಳುತ್ತಿದ್ದೆ ಎಂಬುದು ರಾಟಿನ್ ವಾದ. ಮಾತು ಅರ್ಥವಾಗದಿದ್ದರೂ ಮುಖಭಾವ ಸಾಕಿತ್ತು ಎಂಬುದು ರೆಫರಿಯ ನಿಲುವು. ರಾಟಿನ್ ಹತ್ತಿರ ಹತ್ತಿರ ಹತ್ತು ನಿಮಿಷ ಮೈದಾನ ಬಿಟ್ಟು ಕದಲಲಿಲ್ಲ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಚಾರ್ಲ್ಟನ್ ಸಹೋದರರಿಗೂ ಎಚ್ಚರಿಕೆ ಕೊಡಲಾಗಿದೆ ಎಂದು ಮರುದಿನ ಪತ್ರಿಕೆಯಲ್ಲಿ ಬಂದಾಗ ಆ ಸಹೋದರರಿಗೇ ಅದು ಹೊಸ ಸುದ್ದಿ.

ರಾಟಿನ್ ಅವರನ್ನು ಸಮಾಧಾನಪಡಿಸಿ ಹೊರಗೆ ಕರೆತರಲು ಮೈದಾನಕ್ಕಿಳಿದಿದ್ದ ಅಧಿಕಾರಿ ಕೆನ್ ಆಸ್ಟನ್. 1962ರಲ್ಲಿ ಸ್ಯಾಂಟಿಯಾಗೊದ ಚಿಲಿ-ಇಟಲಿ ಪಂದ್ಯ ಬೀದಿಜಗಳವಾಗಿ ಮಾರ್ಪಟ್ಟಾಗ ರೆಫರಿಯಾಗಿದ್ದವರೂ ಅವರೇ. ವೆಂಬ್ಲಿಯಿಂದ ಮನೆಗೆ ಕಾರಿನಲ್ಲಿ ಹೋಗುವಾಗ ಲಂಡನ್ನಿನ ಕೆನ್ಸಿಂಗ್ಟನ್ ಹೈಸ್ಟ್ರೀಟ್‌ನ ಸಿಗ್ನಲ್ ದೀಪ ಅವರ ಕಣ್ಣಿಗೆ ಬಿತ್ತು. ಹಳದಿ ಎಂದರೆ ನಿಧಾನ, ಕೆಂಪು ಎಂದರೆ ನಿಲ್ಲು. ಯಾವ ಭಾಷೆಯವನಿಗೂ ತಿಳಿಯುತ್ತದೆ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡ್‌ಗಳು ಬಂದವು. ನಮ್ಮ ಕಬಡ್ಡಿಯೂ ಮುಂದೆ ಹಸಿರು, ಹಳದಿ, ಕೆಂಪು ಎಂದು ಮೂರು ಕಾರ್ಡ್ ಇಟ್ಟುಕೊಂಡಿತು.

ರೆಫರಿಯ ಶಿಕ್ಷೆ ಎಲ್ಲರಿಗೂ ಕಾಣುವಂತೆ ಕಾರ್ಡ್ ಮಾಡಿತು. ಆಟಗಾರನ ಬೈಗುಳ ರೆಫರಿಗೆ ಕೇಳುವಂತೆ ಮಾಡಲು ಅದರಿಂದ ಆಗಲಿಲ್ಲ. 2006ರ ಬರ್ಲಿನ್ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಮಟೆರಾಜಿಯ ಎದೆಗೆ ತಲೆಯಿಂದ ಗುದ್ದಿದ ಫ್ರಾನ್ಸ್‌ನ ಜಿದಾನ್‌ಗೆ ಕೆಂಪು ಕಾರ್ಡ್ ಸಿಕ್ಕಿತು. ಕೆರಳಿಸಿದ ಮಟೆರಾಜಿ ಪಂದ್ಯ ಮುಗಿಯುವವರೆಗೂ ಆಡಿ ಕಪ್ ಎತ್ತಿದರು. ಅವರಿಗೆ ಎರಡು ಪಂದ್ಯಗಳ ನಿಷೇಧ ಬಂದದ್ದು ಆಮೇಲೆ, ವಿಚಾರಣೆಯ ಮೇಜಿನಲ್ಲಿ.

ಕ್ರಿಕೆಟ್ ಕಾರ್ಡ್‌ನ ದಾರಿ ಹಿಡಿಯದೆ ಆ ಮೇಜನ್ನೇ ನೆಚ್ಚಿಕೊಂಡಿತು. 1991ರಲ್ಲಿ ಐಸಿಸಿ ನಡತೆ ಸಂಹಿತೆ ತಂದಿತು. ಒರಟು, ಅವಾಚ್ಯ ಮಾತು ಆಡಕೂಡದು ಎಂದು ಬರಹದಲ್ಲಿ ಬಂತು. ಅದನ್ನು ಕಾಯಲು ಮ್ಯಾಚ್ ರೆಫರಿ ಎಂಬ ಹೊಸ ಹುದ್ದೆ. ಆ ವರ್ಷಾಂತ್ಯದಲ್ಲಿ ಬ್ರಿಸ್ಬೇನ್‌ನಲ್ಲಿ ಭಾರತ-ಆಸ್ಟ್ರೇಲಿಯಾ ಟೆಸ್ಟ್‌ಗೆ ಬಂದ ಇಂಗ್ಲೆಂಡಿನ ಮೈಕ್ ಸ್ಮಿತ್ ಮೊದಲಿಗರು. ಕರ್ನಾಟಕಕ್ಕೂ ಈ ಕುರ್ಚಿಗೂ ಒಳ್ಳೆಯ ನಂಟು. ಬಾಯಿ ಜೋರು ಮಾಡಿದ್ದನ್ನು ಯಾರೂ ಕಂಡಿರದ ವಿಶ್ವನಾಥ್ 1999ರಿಂದ ಕೆಲವು ವರ್ಷ ಬೇರೆಯವರ ಬಾಯಿಯ ವಿಚಾರಣೆ ನಡೆಸಿದರು. 2006ರಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಅದೇ ಕೆಲಸಕ್ಕೆ ಬಂದು ಇನ್ನೂರಕ್ಕೂ ಹೆಚ್ಚು ಏಕದಿನ ಪಂದ್ಯಗಳನ್ನು ನೋಡಿಕೊಂಡರು.

ಆದರೆ ಮೇಜಿನ ಹಿಂದೆ ಕುಳಿತವರಿಗೂ ಮೈದಾನದ ಮಾತು ಕೇಳುವುದಿಲ್ಲ. 1996ರ ಮಾರ್ಚ್ 9ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಎಸೆತವನ್ನು ಬೌಂಡರಿಗೆ ಅಟ್ಟಿದ ಪಾಕಿಸ್ತಾನದ ಆಮಿರ್ ಸೊಹೈಲ್, ಇನ್ನೊಂದನ್ನೂ ಅಲ್ಲಿಗೇ ಕಳಿಸುತ್ತೇನೆ ಎಂಬಂತೆ ಬ್ಯಾಟ್ ಚಾಚಿ ತೋರಿಸಿದರು. ಮುಂದಿನ ಚೆಂಡಿಗೆ ಆಫ್ ಸ್ಟಂಪ್ ಹಾರಿತು. ಪ್ರಸಾದ್ ಪೆವಿಲಿಯನ್ ಕಡೆ ಕೈ ತೋರಿಸಿ ಏನೋ ಹೇಳಿದರು. ಜನರ ಗದ್ದಲದಲ್ಲಿ ಆ ಮಾತು ಕೇಳಿಸಿಕೊಂಡವರು ಎಷ್ಟು ಮಂದಿಯೋ, ತುಟಿಯ ಚಲನೆ ನೋಡಿ ತಿಳಿದುಕೊಂಡವರಂತೂ ಕೋಟಿಗಟ್ಟಲೆ. ಭಾರತ 39 ರನ್‌ಗಳಿಂದ ಗೆದ್ದಿತು. ಕೆಣಕಿದ್ದು ಸೊಹೈಲ್ ಅಲ್ಲವೇ ಎಂದು ನಾವು ಇಂದಿಗೂ ಪ್ರಸಾದ್ ಪರವೇ ವಾದಿಸುತ್ತೇವೆ. ಬೈಗುಳದ ವಿಷಯದಲ್ಲಿ ಪ್ರೇಕ್ಷಕರ ಕಿವಿಯೂ ತಟಸ್ಥವಲ್ಲ. ಆ ವರ್ಷವೇ ಭಾರತ ತಂಡದಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ ಎಲ್ಲ ಇದ್ದರು. ಅವರು ಕನ್ನಡದಲ್ಲಿ ಏನಾದರೂ ಆಡಿಕೊಂಡರೆ ಡೇವಿಡ್ ಶೆಫರ್ಡ್ ಅವರಂಥ ಇಂಗ್ಲಿಷ್ ಅಂಪೈರರು ಬೇಕೆಂದರೂ ಹಿಡಿಯುವಂತಿರಲಿಲ್ಲ.

ಈ ಏರ್ಪಾಡು ಪೂರ್ತಿ ಕುಸಿದದ್ದು 2008ರ ಜನವರಿಯಲ್ಲಿ ಸಿಡ್ನಿಯಲ್ಲಿ. ಹರಭಜನ್ ಸಿಂಗ್ ತನ್ನನ್ನು ಕೋತಿ ಎಂದು ಕರೆದರು ಎಂಬುದು ಆ್ಯಂಡ್ರ್ಯೂ ಸೈಮಂಡ್ಸ್ ದೂರು. ಅಂಪೈರರಾದ ಸ್ಟೀವ್ ಬಕ್ನರ್ ಮತ್ತು ಮಾರ್ಕ್ ಬೆನ್ಸನ್ ಇಬ್ಬರಿಗೂ ಅದು ಕೇಳಿಸಿರಲಿಲ್ಲ. ಮೈಕಿನಲ್ಲೂ ಸ್ಪಷ್ಟವಾಗಿ ಸಿಗಲಿಲ್ಲ. ಇನ್ನೊಂದು ತುದಿಯಲ್ಲಿದ್ದ ತೆಂಡೂಲ್ಕರ್ ಭಾರತದ ಸಾಕ್ಷಿ, ಆಸ್ಟ್ರೇಲಿಯಾದ ಆಟಗಾರರು ಆ ಕಡೆಯ ಸಾಕ್ಷಿ. ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರ್ ಗಂಟೆಗಟ್ಟಲೆ ವಿಚಾರಣೆ ನಡೆಸಿ ಹರಭಜನ್‌ಗೆ ಮೂರು ಟೆಸ್ಟ್ ನಿಷೇಧ ವಿಧಿಸಿದರು. ಪ್ರವಾಸವೇ ನಿಲ್ಲುವ ಸ್ಥಿತಿ ಬಂತು. ಮೇಲ್ಮನವಿಯನ್ನು ಅಡಿಲೇಡ್‌ನಲ್ಲಿ ಕೇಳಿದ ನ್ಯೂಜಿಲೆಂಡ್‌ನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್, ಜನಾಂಗೀಯ ನಿಂದನೆಗೆ ಸಾಕ್ಷ್ಯ ಸಾಲದು, ಬೈದದ್ದಂತೂ ಹೌದು ಎಂದು ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡಕ್ಕೆ ಇಳಿಸಿದರು. ಹರಭಜನ್ ಅವರ ಹಳೆಯ ತಪ್ಪುಗಳ ಪಟ್ಟಿಯನ್ನು ಐಸಿಸಿ ತಮಗೆ ಪೂರ್ತಿ ಕೊಟ್ಟಿರಲಿಲ್ಲ ಎಂಬುದು ಅವರಿಗೆ ತಿಳಿದದ್ದು ತೀರ್ಪು ಕೊಟ್ಟ ಮೇಲೆ.

ಇದೇ ಪಂದ್ಯದ ಇನ್ನೊಂದು ಪ್ರಕರಣ ಹೆಚ್ಚು ಜನಕ್ಕೆ ನೆನಪಿಲ್ಲ. ಬ್ರ್ಯಾಡ್ ಹಾಗ್ ಬಾಯಿಂದ ಬಂದ ಬೈಗುಳದ ಮೇಲೆ ಭಾರತವೂ ದೂರು ಕೊಟ್ಟಿತ್ತು. ಪರ್ತ್ ಟೆಸ್ಟ್‌ಗೆ ಮುನ್ನ ಕ್ಯಾಪ್ಟನ್ ಅನಿಲ್ ಕುಂಬ್ಳೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕ್ಯಾಪ್ಟನ್‌ಗಳೇ ತಮ್ಮೊಳಗೆ ಮುಗಿಸಿಕೊಳ್ಳುವ ಹಳೆಯ ಪದ್ಧತಿ, ಸಂಹಿತೆ, ರೆಫರಿ, ನ್ಯಾಯಮೂರ್ತಿ ಎಲ್ಲ ಇದ್ದೂ, ಆ ಸರಣಿಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅದೊಂದೇ ಕಡೆ.

ಮುಂದಿನ ದಶಕ ಮೈಕುಗಳದ್ದು. 2016ರಲ್ಲಿ ಡಿಮೆರಿಟ್ ಅಂಕಗಳು ಬಂದವು: ಎರಡು ವರ್ಷದೊಳಗೆ ನಾಲ್ಕಾದರೆ ನಿಷೇಧ. 2018ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಸ್ಟ್ರೇಲಿಯನ್ನರ ಮಾತಿನ ಜಗಳ ಮತ್ತು ಚೆಂಡು ಕೆರೆದ ಹಗರಣ ಒಂದರ ಹಿಂದೆ ಒಂದು ಬಂದ ಮೇಲೆ ಐಸಿಸಿ ವೈಯಕ್ತಿಕ ನಿಂದನೆಯನ್ನು ಪ್ರತ್ಯೇಕ ಅಪರಾಧವಾಗಿ ಸೇರಿಸಿತು. ಎಸೆತಗಳ ನಡುವೆಯೂ ಸ್ಟಂಪ್ ಮೈಕಿನ ದನಿಯನ್ನು ಪ್ರಸಾರ ಮಾಡಬಹುದು ಎಂದಾಯಿತು. ಅಲ್ಲಿಗೆ ಅಂಪೈರರ ಜಾಣಕಿವುಡಿಗೆ ಅರ್ಥವೇ ಉಳಿಯಲಿಲ್ಲ. ಮನೆಯಲ್ಲಿ ಕುಳಿತವನಿಗೆ ಕೇಳಿದ್ದು ವಿಕೆಟ್ ಪಕ್ಕ ನಿಂತವರಿಗೆ ಕೇಳಲಿಲ್ಲ ಎಂದರೆ ನಂಬುವವರು ಯಾರು?

2019ರ ಜನವರಿಯಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಸರ್ಫರಾಜ್ ಅಹ್ಮದ್ ಉರ್ದುವಿನಲ್ಲಿ ದಕ್ಷಿಣ ಆಫ್ರಿಕಾದ ಆ್ಯಂಡಿಲೆ ಫೆಹ್ಲುಕ್ವಾಯೊ ಅವರ ಬಣ್ಣ ಎತ್ತಿ ಆಡಿದ್ದು ಮೈಕಿಗೆ ಸಿಕ್ಕಿತು. ಏನು ಹೇಳಿದರು ಎಂದು ಜೊತೆಯವರು ಕೇಳಿದಾಗ ವೀಕ್ಷಕ ವಿವರಣೆಗಾರ ರಮೀಜ್ ರಾಜಾ, ಅನುವಾದಿಸುವುದು ಕಷ್ಟ, ಉದ್ದದ ವಾಕ್ಯ ಎಂದು ಜಾರಿಕೊಂಡರು. ನಾಲ್ಕು ಪಂದ್ಯಗಳ ನಿಷೇಧ ತಪ್ಪಲಿಲ್ಲ. ಮರು ತಿಂಗಳೇ ಸೇಂಟ್ ಲೂಸಿಯಾದಲ್ಲಿ ಮೈಕಿನ ಮಿತಿಯೂ ಬಯಲಾಯಿತು. ಸಲಿಂಗಕಾಮಿಯಾಗಿರುವುದರಲ್ಲಿ ತಪ್ಪೇನಿಲ್ಲ, ಅದನ್ನು ಬೈಗುಳವಾಗಿ ಬಳಸಬೇಡ ಎಂದು ಇಂಗ್ಲೆಂಡಿನ ಜೋ ರೂಟ್ ಹೇಳಿದ್ದು ಎಲ್ಲರಿಗೂ ಕೇಳಿತು. ಅದಕ್ಕೆ ಮುಂಚೆ ವೆಸ್ಟ್ ಇಂಡೀಸ್‌ನ ಶ್ಯಾನನ್ ಗೇಬ್ರಿಯಲ್ ಏನೆಂದರು ಎಂಬುದು ಮೈಕಿನಲ್ಲಿ ಇರಲಿಲ್ಲ. ದೂರು ಕೊಟ್ಟದ್ದು ರೂಟ್ ಅಲ್ಲ, ಮೈದಾನದಲ್ಲಿದ್ದ ಅಂಪೈರರು. ಗೇಬ್ರಿಯಲ್ ಒಪ್ಪಿಕೊಂಡು ನಾಲ್ಕು ಏಕದಿನ ಪಂದ್ಯ ಕಳೆದುಕೊಂಡರು.

ಮಾತಿಗೆ ಬೆಲೆ ಹೆಚ್ಚಾದಂತೆ ಆಟಗಾರರು ಸನ್ನೆಗೆ ಹೊರಳಿದ್ದಾರೆ. ಐಪಿಎಲ್‌ನಲ್ಲಿ ಔಟಾದವನಿಗೆ ಗಾಳಿಯಲ್ಲಿ ಮುತ್ತು ಕಳಿಸಿದ್ದಕ್ಕೂ, ಅಂಗೈಯನ್ನೇ ಪುಸ್ತಕ ಮಾಡಿಕೊಂಡು ಹೆಸರು ಬರೆದುಕೊಂಡಂತೆ ಅಭಿನಯಿಸಿದ್ದಕ್ಕೂ ದಂಡ ಬಿದ್ದಿದೆ. 2023ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಗೆದ್ದ ಲಖನೌ ತಂಡದ ಗೌತಮ್ ಗಂಭೀರ್ ತುಟಿಗೆ ಬೆರಳಿಟ್ಟು ಆರ್‌ಸಿಬಿ ಅಭಿಮಾನಿಗಳನ್ನು ಸುಮ್ಮನಿರಿಸಿದರು. ಮೇ 1ರಂದು ಲಖನೌದಲ್ಲಿ ಕೊಹ್ಲಿ ಮತ್ತು ಗಂಭೀರ್ ಎದುರುಬದುರಾದರು. ಇಬ್ಬರಿಗೂ ಪಂದ್ಯದ ಸಂಭಾವನೆ ಪೂರ್ತಿ ಹೋಯಿತು. 2024ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಚೆನ್ನಾಗಿ ಎಸೆದಿದ್ದೀಯ ಎಂದಷ್ಟೇ ತಾನು ಹೇಳಿದ್ದು ಎಂದು ಟ್ರಾವಿಸ್ ಹೆಡ್, ಅದು ಸುಳ್ಳು ಎಂದು ಮೊಹಮ್ಮದ್ ಸಿರಾಜ್. ಇಬ್ಬರಿಗೂ ಒಂದೊಂದು ಡಿಮೆರಿಟ್ ಅಂಕ, ಸಿರಾಜ್‌ಗೆ ಜೊತೆಗೆ ಸಂಭಾವನೆಯ ಶೇ 20 ದಂಡ.

ದಂಡ ಎಷ್ಟೇ ಆದರೂ ಸ್ಕೋರ್‌ಬೋರ್ಡ್ ಅಲುಗುತ್ತಿರಲಿಲ್ಲ. ಅದನ್ನು ಅಲುಗಿಸುವ ನಿಯಮವನ್ನು ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿ 2017ರ ಅಕ್ಟೋಬರ್ 1ರಂದು ಜಾರಿಗೆ ತಂದಿತು. 42ನೆಯ ನಿಯಮದ ಪ್ರಕಾರ ಅವಾಚ್ಯ ಮಾತಿಗೆ ಮೊದಲ ಸಲ ಕ್ಯಾಪ್ಟನ್‌ಗೆ ಎಚ್ಚರಿಕೆ. ಆ ತಂಡದ ಯಾರೇ ಅದೇ ಮಟ್ಟದ ತಪ್ಪನ್ನು ಮತ್ತೆ ಮಾಡಿದರೂ ಎದುರಾಳಿಗೆ ಐದು ರನ್. ಹೊಡೆಯುತ್ತೇನೆಂದು ಇನ್ನೊಬ್ಬ ಆಟಗಾರನನ್ನು ಬೆದರಿಸಿದರೆ ಕೆಲವು ಓವರ್ ಹೊರಗೆ, ಅಂಪೈರರನ್ನೇ ಬೆದರಿಸಿದರೆ ಪಂದ್ಯ ಮುಗಿಯುವವರೆಗೂ ಹೊರಗೆ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಐಸಿಸಿ ಇದರಲ್ಲಿ ಕೊನೆಯ ಮೆಟ್ಟಿಲನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ತನ್ನ ಸಂಹಿತೆಗೇ ಬಿಟ್ಟಿತು. ಹಾಗಾಗಿ ಬೈದ ಗಳಿಗೆಯಲ್ಲೇ ಶಿಕ್ಷಿಸುವ ಅಧಿಕಾರ ಇಂದು ಟೆಸ್ಟ್ ಅಂಪೈರರಿಗಿಂತ ಎಂಸಿಸಿ ನಿಯಮದಂತೆ ನಡೆಯುವ ಕ್ಲಬ್ ಪಂದ್ಯದ ಅಂಪೈರರಿಗೆ ಹೆಚ್ಚು. ಅಲ್ಲಿ ಮೈಕಿಲ್ಲ, ಮರುಪ್ರಸಾರವಿಲ್ಲ, ಮ್ಯಾಚ್ ರೆಫರಿಯಿಲ್ಲ. ಇಬ್ಬರು ಅಂಪೈರರು ಪಿಚ್ ನಡುವೆ ಸೇರಿ, ನಡೆದದ್ದು ನಿಜವೇ, ಯಾವ ಮಟ್ಟದ್ದು ಎಂದು ಮಾತಾಡಿಕೊಳ್ಳಬೇಕು. ಕ್ಯಾಪ್ಟನ್‌ನನ್ನು ಕರೆದು ತಿಳಿಸಬೇಕು. ಪಂದ್ಯ ಮುಗಿದ ಮೇಲೆ ಸಂಬಂಧಪಟ್ಟ ಸಂಸ್ಥೆಗೆ ವರದಿ ಕೊಡಬೇಕು. ಪಂದ್ಯದಿಂದಲೇ ಹೊರಗೆ ಕಳಿಸುವುದಕ್ಕೆ ಸ್ಕೋರರ್‌ಗಳಿಗೆ ತೋರಿಸಬೇಕಾದ ಸನ್ನೆಯೂ ನಿಯಮದಲ್ಲಿದೆ: ಒಂದು ತೋಳನ್ನು ಪಕ್ಕಕ್ಕೆ ಚಾಚಿ ಕೆಲವು ಸಲ ಎತ್ತಿ ಇಳಿಸುವುದು, ಬಳಿಕ ತೋರುಬೆರಳನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿಯುವುದು.